ಹನ್ನೊಂದನೇ ಶೆಡ್ಡಿನ ಕಿಂಡಿ

ಉಸಿರು ಹೊಗೆಯಂತೆ ಕಾಣುತ್ತಿದೆ, ಶೆಡ್ಡಿನ ಮುಂದೆ ನಿಂತ ಕಟ್ಟಡ ಕೂಲಿ ಹೊಳೆವ್ವನ ಬಾಯಿಂದಲೂ ಅವಳ ಸೊಂಟದ ಮೇಲಿನ ಕೂಸಿನ ಬಾಯಿಂದಲೂ, ಏಳು ಗಂಟೆಯಾದರೂ ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳ ತುದಿ ಇನ್ನೂ ಮಂಜಿನೊಳಗೇ, ಇಂಥ ಹೊತ್ತಲ್ಲಿ ಈ ಕಂಟ್ರಾಕ್ಟರ್ ರಾಮಾಂಜಿನಪ್ಪನಿಗೆ ಸಹಿಯ ಅವಸರ ಯಾಕೆ — ಶಿವಗಂಗಾ ತಾನು ಸಹಿ ಹಾಕಬೇಕಾದ ಸೇಫ್ಟಿ ತಪಾಸಣೆಯ ಕಾರ್ಡನ್ನು ಎದೆಗವಚಿಕೊಂಡಳು, ಅವನು ನಗುತ್ತಿದ್ದಾನೆ, ನಗುವವರನ್ನು ಅವಳು ನಂಬುವುದಿಲ್ಲ, ಮೇಡಂ, ಹೊಸ ಕಂಬಳಿ ಕೊಟ್ಟಿದೀನಿ, ಬಿಸಿನೀರಿದೆ, ಹನ್ನೊಂದು ಶೆಡ್ಡೂ ಸೇಫ್ ಅಂತ ಬರ್ದ್ಬಿಡಿ, ಈ ವರ್ಷ ಕಂಬಳಿ, ಹೋದ ಜನವರಿಯಲ್ಲಿ ಯಾಕಿರಲಿಲ್ಲ, ಚಂದಾಪುರದ ಸೈಟಿನಲ್ಲಿ, ಇವನದೇ ಸೈಟು, ಶಿವಗಂಗಾಳ ಗಂಡ ಯಮನೂರ ಅಲ್ಲಿ ಮೇಸ್ತ್ರಿ, ಕಾಂಕ್ರೀಟು ಹೊರುವ ಬಾಂಡ್ಲಿಯಲ್ಲಿ ಕೆಂಡ ತುಂಬಿ ಶೆಡ್ಡಿನೊಳಗಿಟ್ಟುಕೊಂಡು ಮಲಗಿದವನು ಏಳಲಿಲ್ಲ, ಕೆಂಡದ ವಿಷಗಾಳಿ ಹೋಗಲು ಮೇಲೊಂದು ಕಿಂಡಿ ಇತ್ತು, ಅದು ಮುಚ್ಚಿತ್ತು, ಇವನೇ ಮುಚ್ಚಿಸಿರಬೇಕು, ಧೂಳೋ ಇಲಿಯೋ ಏನೋ ನೆಪ, ಅದಕ್ಕೇ ಎಂ.ಎ. ಓದಿದವಳು ಇವನ ಹತ್ತಿರವೇ ಈ ಸೇಫ್ಟಿ ಕೆಲಸ ಕೇಳಿದ್ದು, ಪಾಪ ಎಂದು ಕೊಟ್ಟೆ ಎಂದುಕೊಂಡಿದ್ದಾನೆ, ಕಣ್ಣಿಡಲು ಬಂದಿದ್ದಾಳೆಂದು ಗೊತ್ತಿಲ್ಲ. ಹತ್ತು ಶೆಡ್ಡಿನ ಕಿಂಡಿಗಳು ತೆರೆದೇ ಇದ್ದವು, ಹನ್ನೊಂದನೆಯದು ಹೊಳೆವ್ವನದು, ಮೂಲೆಯಲ್ಲಿ ಬಾಂಡ್ಲಿ, ಅದರಲ್ಲಿ ಬೂದಿ, ಬೂದಿ ಇನ್ನೂ ಬೆಚ್ಚಗೆ, ಪೇಂಟಿನ ಡಬ್ಬಿ ಬೋರಲು ಹಾಕಿ ಮೇಲೆ ಹತ್ತಿ ಕಿಂಡಿಯಲ್ಲಿ ಕೈಯಾಡಿಸಿದರೆ ಬಟ್ಟೆ — ಸಿಕ್ಕಿಬಿದ್ದ, ಕೊನೆಗೂ ಸಿಕ್ಕಿಬಿದ್ದ, ಇದನ್ನ ಯಾರು ತುರುಕಿದ್ದು ಹೇಳಿ, ಅಯ್ಯೋ ಮೇಡಂ ನಂಗೇನ್ ಗೊತ್ತು, ಕಿಂಡಿ ಕೊಯ್ಸಿದ್ದೇ ನಾನು ಕಣ್ರೀ, ಸುಳ್ಳು, ಸುಳ್ಳು, ಆದರೆ ಹೊಳೆವ್ವ ಕಿಸಕ್ಕನೆ ನಕ್ಕಳು, ಅವರನ್ನ್ಯಾಕ ಬೈತೀರಿ ಯಕ್ಕಾ, ನಾನ ತುರುಕೀನಿ, ಕೂಸಿನ ಎದಿ ಕಟ್ಟೈತಿ, ಮ್ಯಾಲಿಂದ ಗಾಳಿ ಹೊಡಿತೈತಿ, ನಿಮ್ಮನ್ಯಾಗ ನೀವು ಕಿಟಕಿ ತಗದು ಮಲಗ್ತೀರೇನು, ಕೆಂಡ ಹೊರಗಿಡು ಹೊಳೆವ್ವಾ ಅದು ಕೊಲ್ಲುತ್ತೆ, ಹೊರಗಿಟ್ಟರ ಯಾರಿಗ್ರೀ ಕಾವು, ನಾಯಿಗೇನು, ಕೂಸು ಕೆಮ್ಮಿತು, ಸಣ್ಣ ಒಣ ಕೆಮ್ಮು, ಇವತ್ತು ಕತ್ತಲಾದರೆ ಮತ್ತೆ ಕೆಂಡ, ಮತ್ತೆ ಈ ಬಟ್ಟೆ, ನಾಳೆ ಈ ಕೆಮ್ಮು ಇರುವುದಿಲ್ಲ, ಎಳೆದುಬಿಡಬೇಕು, ಎಳೆಯಲು ಹೋದಾಗ ಬಟ್ಟೆಯ ಗಂಟು ಕೈಗೆ ಬಂತು, ಒಳಗಿನಿಂದ ತುರುಕಿದ್ದು, ಹೆಬ್ಬೆರಳಿಂದ ಒತ್ತಿ ಒತ್ತಿ, ಹೊರಗಿನಿಂದ ಮುಚ್ಚಿದ್ದರೆ ಗಂಟು ಆ ಕಡೆ ಇರುತ್ತಿತ್ತು, ಅಲ್ಲಿಯೂ ಗಂಟು ಈ ಕಡೆಯೇ ಇತ್ತು, ಚಂದಾಪುರದಲ್ಲಿ, ನೀಲಿ ಚೌಕಳಿಯ ಲುಂಗಿ, ಯಮನೂರನದೇ, ಅವನ ಲುಂಗಿ ಕಿತ್ತುಕೊಂಡು ಇವರೇ ತುರುಕಿದರು ಎಂದು ಪೊಲೀಸರಿಗೆ ಹೇಳಿದ್ದಳು, ವರ್ಷವಿಡೀ ತನಗೂ ಹೇಳಿಕೊಂಡಿದ್ದಳು, ಅವನ ಆ ಕೊನೆಯ ಸಂಜೆಯ ಫೋನಿನ ಮಾತು ಯಾರಿಗೂ ಹೇಳಿರಲಿಲ್ಲ, ಶಿವೂ, ಮ್ಯಾಲಿನ ಕಿಂಡ್ಯಾಗಿಂದ ಗಾಳಿ ಸೂಜಿ ಚುಚ್ಚಿದಂಗ ಬರ್ತೈತಿ, ಅವಳು ಊರಲ್ಲಿ ಪರೀಕ್ಷೆಗೆ ಓದುತ್ತಿದ್ದಳು, ಪುಟ ತಿರುವುತ್ತ ಅಂದಳು, ಏನರ ತುರುಕ್ರಿ ಅದಕ್ಕ, ಹಳೇ ಲುಂಗಿ ಐತಲ್ಲ — ಕೆಂಡದ ಮಾತು ಅವನು ಎತ್ತಲಿಲ್ಲ, ಅವಳೂ ಕೇಳಲಿಲ್ಲ, ಮೇಡಂ ಸಹಿ, ಯಕ್ಕಾ ಬಿಡ್ರಿ ಅದನ್ನ, ಅವಳು ಬಿಡಲಿಲ್ಲ, ಎಳೆದಳು, ಬಟ್ಟೆ ಕಿತ್ತು ಬಂತು, ಗಾಳಿ ಮುಖಕ್ಕೆ ಹೊಡೆಯಿತು, ಕಿಂಡಿಯಲ್ಲಿ ಒಂದು ಗೇಣು ಬಿಳಿ ಆಕಾಶ, ಅದರೊಳಗೆ ನೀಲಿ ಚೌಕಳಿ, ಕಣ್ಣು ಮುಚ್ಚಿದರೂ ನೀಲಿ ಚೌಕಳಿ, ಅದನ್ನೊತ್ತುವ ಹೆಬ್ಬೆರಳು, ನೀಲಿ ಚೌಕಳಿ