ರಟ್ಟಿನ ಬಸ್ಸು

ತೆಲಂಗಾಣಕ್ಕಾಗಿ 'ಸಕಲ ಜನುಲ ಸಮ್ಮೆ', ಅಂದರೆ ಎಲ್ಲ ಜನರ ಮುಷ್ಕರ, ಶುರುವಾಗಿ ಬಸ್ಸುಗಳೆಲ್ಲ ಜಹೀರಾಬಾದಿನ ಡಿಪೊದೊಳಗೆ ಸಾಲಾಗಿ ನಿಂತ ಮೇಲೆ ಡ್ರೈವರ್ ಬಂಡೆಪ್ಪ ದಿನಾ ಮುಂಜಾನೆ ಮುಷ್ಕರದ ಪೆಂಡಾಲಿಗೆ ಹೋಗಿ ಕೂರುತ್ತಿದ್ದ. ತೆಲಂಗಾಣ ರಾಜ್ಯ ಬರಲೇಬೇಕು ಎಂಬುದರಲ್ಲಿ ಅವನಿಗೆ ಎರಡು ಮಾತಿರಲಿಲ್ಲ. ಅಂಥವನು ಒಂದು ದಿನ ಮಧ್ಯಾಹ್ನವೇ ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದ. ಮರುದಿನವೂ ಏಳಲಿಲ್ಲ.

"ಯಾಕಪ್ಪಾ, ಆರಾಮ ಇಲ್ಲೇನು?" ಎಂದಳು ಮಗಳು ಪ್ರೇಮಲಾ.

"ಆರಾಮ ಅದೀನಿ. ಮೈಕಿನಾಗ ನಾಕು ಮಾತು ಆಡಾಕ ಹೋದೆ. ಬಾಯಿಗೆ ಕನ್ನಡ ಬಂತು. ಯಂಕಪ್ಪ ಮೈಕ್ ಕಸಗೊಂಡು, 'ನೀವು ಬೀದರ ಕಡಿ ಮಂದಿ, ನಿಮಗ್ಯಾಕ ತೆಲಂಗಾಣ' ಅಂದ. ಎಲ್ಲಾರೂ ನಕ್ಕರು."

ಯಂಕಪ್ಪ ಬೇರೆ ಯಾರೂ ಅಲ್ಲ, ಅವನ ಬಸ್ಸಿನ ಕಂಡಕ್ಟರೇ. ನಾರಾಯಣಖೇಡ, ಕಂಗ್ಟಿ ರಸ್ತೆಯ ತಗ್ಗುದಿನ್ನೆಗಳನ್ನು ಇಬ್ಬರೂ ವರ್ಷಗಟ್ಟಲೆ ಕೂಡಿಯೇ ದಾಟಿದವರು. ಈಗ ಪೆಂಡಾಲಿನ ಮುಖಂಡ ಅವನೇ. ನಕ್ಕ ಮಂದಿಗಿಂತ ಅವನ ಮಾತು ಅಪ್ಪನಿಗೆ ಹೆಚ್ಚು ನಾಟಿದೆ ಎಂಬುದು ಪ್ರೇಮಲಾಗೆ ತಿಳಿಯಿತು. ಸಮಾಧಾನ ಹೇಳಲು ಅವಳಿಗೆ ಬರುತ್ತಿರಲಿಲ್ಲ. ಬರುತ್ತಿದ್ದುದು ಬೇರೆ ವಿದ್ಯೆ.

ಅವಳು ಆತ್ಮಾರಾಮನ ಫೋಟೊ ಸ್ಟುಡಿಯೊದಲ್ಲಿ ಮದುವೆ ಆಲ್ಬಂ ಮಾಡುವವಳು. ಮದುಮಗಳ ಮುಖದ ಮೊಡವೆ ಅಳಿಸುವುದು, ಝರಾಸಂಗಮದ ಗುಡಿಯ ಮುಂದೆ ನಿಂತ ಜೋಡಿಯ ಹಿಂದೆ ಹಿಮದ ಬೆಟ್ಟ ಕೂರಿಸುವುದು, ಇವೆಲ್ಲ ಫೋಟೊಶಾಪಿನಲ್ಲಿ ಅವಳ ಎಡಗೈ ಕೆಲಸ. ಫೋಟೊಗಳನ್ನು ಒಂದರ ಮೇಲೊಂದು ಪೇರಿಸಿ ಸರಸರ ಓಡಿಸಿದರೆ ನಿಂತದ್ದು ನಡೆಯುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು. ಆದರೆ ಹಾಗೆ ಅವಳು ಮಾಡಿದ್ದು 'ಶುಭ ವಿವಾಹ' ಎಂಬ ಅಕ್ಷರ ಮಿಣುಕುವುದನ್ನಷ್ಟೇ.

"ಕಾಕಾ, ಮದವಿ ಹಂಗಾಮ ಇಲ್ಲ. ಸ್ಟುಡಿಯೊ ಖಾಲಿ ಅದ. ನಾ ಒಂದು ಬಸ್ ಓಡಸ್ತೀನಿ," ಎಂದಳು ಆತ್ಮಾರಾಮನಿಗೆ.

"ಊರಾಗ ಒಂದು ಗಾಲಿ ಉರುಳವಲ್ದು, ನೀ ಓಡಸ್ತೀ? ಓಡಸು ಓಡಸು," ಎಂದು ಅವನು ನಕ್ಕ.

ಮಿಠಾಯಿ ಡಬ್ಬಿಯ ರಟ್ಟು ಕತ್ತರಿಸಿ ಬಸ್ಸು ಮಾಡಿದಳು. ತಾಂಡೂರು ಕಲ್ಲಿನ ನೆಲದ ಮೇಲೆ ಕರಿ ಹಾಳೆ ಹಾಸಿದಳು, ಅದು ರಸ್ತೆ. ಕಡ್ಡಿಗೆ ಬಟ್ಟೆ ಚೂರು ಸುತ್ತಿ ಪ್ರಯಾಣಿಕರನ್ನು ಮಾಡಿದಳು. ಕ್ಯಾಮೆರಾ ಸ್ಟ್ಯಾಂಡಿಗೇರಿಸಿ, ಬಸ್ಸನ್ನು ಬೆರಳಿನಿಂದ ಒಂದಿಷ್ಟು ಸರಿಸುವುದು, ಫೋಟೊ ಹೊಡೆಯುವುದು, ಮತ್ತೆ ಸರಿಸುವುದು. ಕಂಪ್ಯೂಟರಿನಲ್ಲಿ ಹಾಕಿ ನೋಡಿದರೆ ಬಸ್ಸು ಕಪ್ಪೆಯಂತೆ ಕುಪ್ಪಳಿಸುತ್ತಿತ್ತು. ಕಿಟಕಿಯ ಬಿಸಿಲು ಏರಿಳಿದಿದ್ದರಿಂದ ಚಿತ್ರ ಬೆಳಗುತ್ತ ಕಪ್ಪಾಗುತ್ತ ಕಣ್ಣು ಕುಕ್ಕಿತು.

ಅವಳು ಎಲ್ಲವನ್ನೂ ಅಳಿಸಿದಳು. ಕಿಟಕಿ ಮುಚ್ಚಿ ಸ್ಟುಡಿಯೊದ ಎರಡು ದೀಪ ಹೊತ್ತಿಸಿದಳು. ರಸ್ತೆಯ ಬದಿಗೆ, ಕ್ಯಾಮೆರಾಕ್ಕೆ ಕಾಣದಂತೆ, ಸೀಮೆಸುಣ್ಣದ ಗೆರೆ ಎಳೆದು ಅದರ ಲೆಕ್ಕಕ್ಕೆ ಬಸ್ಸು ಸರಿಸಿದಳು. ಕಲ್ಲಿದ್ದಲ ಗಣಿಯವರೂ ಮುಷ್ಕರಕ್ಕಿಳಿದಿದ್ದರಿಂದ ಕರೆಂಟು ಹೋಗುತ್ತಿತ್ತು. ಹೋದಾಗ ಅಲ್ಲಾಡದೆ ಕೂತು, ಬಂದಾಗ ಬಿಟ್ಟಲ್ಲಿಂದ ಹಿಡಿಯುತ್ತಿದ್ದಳು. ಮುಗಿಯಿತು ಎನ್ನುವಷ್ಟರಲ್ಲಿ ಆತ್ಮಾರಾಮನ ಕಾಲು ಸ್ಟ್ಯಾಂಡಿಗೆ ತಾಗಿ ಕ್ಯಾಮೆರಾ ತಿರುಗಿಬಿಟ್ಟಿತು.

"ಅಯ್ಯೋ, ತಪ್ಪಾತು. ಸಾಕು ಬಿಡವ್ವಾ, ಇಷ್ಟರಾಗೇ ಮುಗಸು."

"ಇಲ್ರಿ ಕಾಕಾ. ಬಸ್ ಕಂಗ್ಟಿ ಮುಟ್ಟಬೇಕು," ಎಂದು ಅವಳು ಬಸ್ಸನ್ನು ಮೊದಲ ಗೆರೆಗೆ ತಂದು ನಿಲ್ಲಿಸಿದಳು.

ಪ್ರಯಾಣಿಕರನ್ನು ತಂತಿಯಿಂದ ಹಿಡಿದು ಬಸ್ಸು ಹತ್ತಿಸಿದ್ದಳು; ಆ ತಂತಿ ಫೋಟೊಗಳಲ್ಲಿ ಕಾಣುತ್ತಿತ್ತು. ಖಾಲಿ ರಸ್ತೆಯ ಒಂದು ಫೋಟೊ ಕೆಳಗಿಟ್ಟು, ಮೇಲಿನ ಫೋಟೊದಲ್ಲಿ ತಂತಿಯನ್ನಷ್ಟೇ ಅಳಿಸಿದಾಗ ಆ ಜಾಗದಲ್ಲಿ ಕೆಳಗಿನ ರಸ್ತೆ ಕಂಡು ತಂತಿ ಮಾಯವಾಯಿತು. ಒಂದೊಂದೇ ಫೋಟೊಗೆ ಹೀಗೆ ಮಾಡಿದಳು. ಭಾರಕ್ಕೆ ಕಂಪ್ಯೂಟರ್ ಕಲ್ಲಾಗಿ ನಿಂತಾಗ, ಎಲ್ಲವನ್ನೂ ಸಣ್ಣ ಅಳತೆಗೆ ಇಳಿಸಿ ಮತ್ತೆ ಪೇರಿಸಿದಳು. ಬೆರಳಸಂದು ನೋಯುತ್ತಿತ್ತು. ಆದರೂ ಬಸ್ಸು ಮೊದಲ ಸಲ ಕುಪ್ಪಳಿಸದೆ ಮೆಲ್ಲಗೆ ಹೊರಟಾಗ ಒಬ್ಬಳೇ ಕೂತು ಚಪ್ಪಾಳೆ ತಟ್ಟಿಕೊಂಡಳು.

ಇನ್ನು ಧ್ವನಿ ಬೇಕಿತ್ತು. ಅಪ್ಪನನ್ನು ಎಬ್ಬಿಸಿ ಕರೆತಂದಳು. ಬಂಡೆಪ್ಪ ಪರದೆಗೆ ಮೂಗು ತಾಗುವಷ್ಟು ಬಾಗಿ ನೋಡಿದ.

"ಇದ್ರಾಗ ಕಂಡಕ್ಟರ್ ಇಲ್ಲಲ್ಲ?"

ಪ್ರೇಮಲಾ ಬೇಕೆಂದೇ ಬಿಟ್ಟಿದ್ದಳು. "ಯಂಕಪ್ಪ ಕಾಕಾನ ಹಾಕಲೇನು?"

ಬಂಡೆಪ್ಪ ಪರದೆಯಲ್ಲಿ ಬಸ್ಸಿನ ಖಾಲಿ ಬಾಗಿಲ ಮೇಲೆ ಬೆರಳಿಟ್ಟ. "ಹಾಕು," ಎಂದ. "ಕಂಡಕ್ಟರ್ ಇಲ್ಲದ ಗಾಡಿ ಹೆಂಗ ಹೋಗ್ತದ? ಕೊರಳಾಗ ಕೆಂಪು ಟವೆಲ್ ಇರಲಿ."

ಬಾಗಿಲ ಬಳಿಯ ಫೋಟೊಗಳನ್ನೆಲ್ಲ ಅವಳು ಮತ್ತೆ ತೆಗೆದಳು. ಪ್ರಯಾಣಿಕರ ಮಾತುಗಳನ್ನು ಬಂಡೆಪ್ಪನೇ ಮೊಬೈಲಿನಲ್ಲಿ ಆಡಿಕೊಟ್ಟ. ಒಬ್ಬರು ತೆಲುಗಿನಲ್ಲಿ, ಒಬ್ಬರು ದಖನಿ ಉರ್ದುವಿನಲ್ಲಿ, ಒಬ್ಬರು ಕನ್ನಡದಲ್ಲಿ 'ತೆಲಂಗಾಣಕ್ಕೆ ಒಂದು ಟಿಕೆಟ್' ಎಂದು ಕೇಳುತ್ತಿದ್ದರು.

ಸಿ.ಡಿ. ಹಿಡಿದು ಪ್ರೇಮಲಾ ಪೆಂಡಾಲಿಗೆ ಹೋದಳು. ಸುದ್ದಿ ನೋಡಲು, ಹಾಡು ಹಾಕಲು ಅಲ್ಲೊಂದು ಟಿ.ವಿ., ಸಿ.ಡಿ. ಪ್ಲೇಯರ್ ಇಟ್ಟಿದ್ದರು. ಯಂಕಪ್ಪ ಅರ್ಧ ನೋಡಿ ನಿಲ್ಲಿಸಿದ.

"ಚಲೋ ಮಾಡೀದಿ. ಕನ್ನಡ ಒಂದು ತೆಗೆದುಬಿಡು. ಎಲ್ಲಾರಿಗೂ ತೋರ್ಸಾಮು."

ಪ್ರೇಮಲಾ ತಲೆ ಅಲ್ಲಾಡಿಸಿದಳು. "ಹತ್ತಿದ ಮಂದೀನ ನಡುದಾರ್ಯಾಗ ಇಳಸಾಕ ಆಗೂದಿಲ್ರಿ ಕಾಕಾ. ತೋರ್ಸಿದ್ರ ಪೂರಾ ತೋರ್ಸ್ರಿ. ಇಲ್ಲಂದ್ರ ಕೊಡ್ರಿ, ಒಯ್ತೀನಿ."

ಯಂಕಪ್ಪನ ಮುಖ ಬಿಗಿಯಿತು. ಸಿ.ಡಿ. ತೆಗೆಯಲು ಹೋದವನು, ಪರದೆಯ ಮೇಲೆ ನಿಂತಿದ್ದ ಚಿತ್ರದಲ್ಲಿ ಬಾಗಿಲಿಗೆ ಜೋತಿದ್ದ ಬೊಂಬೆಯನ್ನು ಕಂಡ.

"ಈ ಟವೆಲಿನವ ಯಾರು?"

"ನೀವೇರಿ. ನಾ ಹಾಕಿದ್ದಿಲ್ಲ. ಅಪ್ಪಾನೇ ಹಾಕಂದ್ರು."

ಯಂಕಪ್ಪ ಟಿ.ವಿ.ಯನ್ನು ಮಂದಿಯ ಕಡೆ ತಿರುಗಿಸಿ ಮೊದಲಿನಿಂದ ಹಾಕಿದ. ಕನ್ನಡ ಮಾತು ಬಂದಾಗ ಹಿಂದೆ ಯಾರೋ ಕಿಸಕ್ಕೆಂದರು. ಯಂಕಪ್ಪ ತಿರುಗಿ ನೋಡಿದ್ದೇ ತಡ, ನಗು ನಿಂತಿತು. ಮುಗಿದ ಮೇಲೆ ಹೆಂಗಸರು ಮತ್ತೊಮ್ಮೆ ಹಾಕಿಸಿದರು.

ಸಂಜೆ ಯಂಕಪ್ಪ ಮನೆಯ ಮುಂದೆ ಬಂದು ನಿಂತ. ತಪ್ಪಾಯಿತು ಎನ್ನಲಿಲ್ಲ. "ಬಂಡೆಪ್ಪಾ, ನಾಳಿ ಮೈಕ್ ನಿಂದು. ಬಾ," ಎಂದಷ್ಟೇ ಹೇಳಿ ಚಹಾ ಕುಡಿದು ಹೋದ. ಬಂಡೆಪ್ಪ ಹೋದ. ಕನ್ನಡದಲ್ಲೇ ಮಾತಾಡಿದ.

ಆ ವಾರದಲ್ಲೇ ಕಂಗ್ಟಿಯ ಪೆಂಡಾಲಿನವರು ಕರೆಕಳಿಸಿದರು. ಪ್ರೇಮಲಾ ಟಿ.ವಿ.ಯನ್ನು ತೊಡೆಯ ಮೇಲಿಟ್ಟುಕೊಂಡು ಜೀಪಿನಲ್ಲಿ ಹೋದಳು. ಚಿತ್ರ ಮುಗಿದಾಗ ಲಕ್ಷ್ಮಿಬಾಯಿ ಎಂಬ ಹೆಂಗಸು ಮುಂದೆ ಬಂದು, "ನಮ್ಮ ತಾಂಡಾಕ್ಕ ಸಮ್ಮೆ ಇಲ್ಲದಾಗೂ ಬಸ್ ಬರೂದಿಲ್ಲ. ನಿನ್ನ ಬಸ್ಸರ ಅಲ್ಲಿಗೆ ಬರೋಹಂಗ ಮಾಡವ್ವಾ," ಎಂದಳು.

ಸುತ್ತಲಿನವರು ನಕ್ಕರು. ಪ್ರೇಮಲಾ ನಗಲಿಲ್ಲ. ಲಕ್ಷ್ಮಿಬಾಯಿಯ ಪಕ್ಕದಲ್ಲೇ ನೆಲಕ್ಕೆ ಕೂತು, "ದಾರಿ ಹೆಂಗ ಅದ, ಹೇಳ್ರಿ," ಎಂದು ಕೇಳಿದಳು.