ಅಗಸರ ಗುರುತು

ನುಸಿಗುಳಿಗೆಯ ವಾಸನೆ, ಅದರಡಿಗೆ ಬೆವರು, ಐವತ್ತು ವರ್ಷ ಹಳೆಯ ಯಾರದೋ ಬೆವರು — ಹೊಸಪೇಟೆಯ ಕೊರಿಯರ್ ಆಫೀಸಿನಿಂದ ಬೆಳಿಗ್ಗೆ ತಂದ ಪಾರ್ಸೆಲ್ಲನ್ನು ಹಾಲೇಶ ಕಂಪ್ಲಿಯ ತನ್ನ ಅಕ್ಕಿ ಮಿಲ್ಲಿನ ಮೇಲಿನ ಕೋಣೆಯಲ್ಲಿ ಬಿಚ್ಚಿಕೊಂಡು ಕೂತಿದ್ದ, ಕೆಳಗಿನ ಯಂತ್ರದ ಸದ್ದಿಗೆ ನೆಲ ನಡುಗುತ್ತಿತ್ತು, ಅಂಗಿ ನೌಕಾಪಡೆಯ ಪೈಲಟ್‌ನದು, ಎಪ್ಪತ್ತೊಂದರ ಯುದ್ಧದ ಕಾಲದ್ದು, ಎದೆಯ ಮೇಲೆ ಜರಿಯ ರೆಕ್ಕೆ ಇದೆ, ಆದರೆ ರೆಕ್ಕೆಯನ್ನು ಯಾರು ಬೇಕಾದರೂ ಹೊಲಿಸಿಯಾರು, ಹೆಸರು ಬೇಕು, ಹೆಸರಿಲ್ಲದ್ದು ನೆಲ ಒರೆಸುವ ಬಟ್ಟೆ, ಕಾಲರು ತಿರುವಿದ, ಇದೆ — ಅಗಸರ ಗುರುತು, ಎಷ್ಟು ಒಗೆದರೂ ಹೋಗದ ಕಪ್ಪು ಮಸಿಯಲ್ಲಿ ಎರಡು ಇಂಗ್ಲಿಷ್ ಅಕ್ಷರ, ನೂರಾರು ಬಿಳಿ ಅಂಗಿಗಳನ್ನು ಒಟ್ಟಿಗೆ ಒಗೆಯುವಾಗ ಒಬ್ಬನದು ಇನ್ನೊಬ್ಬನಿಗೆ ಹೋಗದಿರಲೆಂದು ಹಾಕುತ್ತಿದ್ದದ್ದು, ಆ ಎರಡಕ್ಷರ ಹಿಡಿದು ನೌಕಾಪಡೆಯ ಹಳೆಯ ಪಟ್ಟಿಗಳಲ್ಲಿ ಹುಡುಕಿದರೆ ಮನುಷ್ಯ ಸಿಗುತ್ತಾನೆ, ಹೀಗೆ ಹನ್ನೊಂದು ಮಂದಿ ಸಿಕ್ಕಿ ಕಪಾಟಿನಲ್ಲಿ ಸಾಲಾಗಿ ನೇತಾಡುತ್ತಿದ್ದಾರೆ, ಸಂಡೂರಿನ ಗಣಿಯಲ್ಲಿ ಮೆಕ್ಯಾನಿಕ್ ಆಗಿದ್ದವನ ಅಣ್ಣ ಒಬ್ಬ, ಹಂಪಿ ನೋಡಲು ಬಂದು ಕಡ್ಡಿರಾಂಪುರದಲ್ಲಿ ತಂಗಿದ್ದ ಮುದುಕಿಯ ಗಂಡ ಒಬ್ಬ, ಹೆಂಡತಿ ಗಂಗಾಂಬಿಕಾ ಪ್ರತಿ ಪಾರ್ಸೆಲ್ಲಿಗೂ ಕೇಳುತ್ತಾಳೆ, ಇನ್ನೊಬ್ರು ಮಾವಾರು ಬಂದ್ರೇನ್ರಿ — ಬಂದರು, ಎಲ್ಲರ ಮಾವಂದಿರೂ ಬಂದರು, ಅವಳ ಮಾವ, ತನ್ನ ಅಪ್ಪ, ದೊಡ್ಡಬಸಪ್ಪನೊಬ್ಬ ಬಿಟ್ಟು.

ಅಪ್ಪನದನ್ನು ಅವ್ವ ಸುಟ್ಟಳು. ಅವನೂ ನೌಕಾಪಡೆಯ ಪೈಲಟ್, ಎಪ್ಪತ್ತೊಂದರಲ್ಲಿ ಅವನ ವಿಮಾನ ಸಮುದ್ರದ ಮೇಲಿಂದ ಹಿಂತಿರುಗಲಿಲ್ಲ, ಬಂದದ್ದು ಕೊಚ್ಚಿಯಿಂದ ಒಂದು ಟ್ರಂಕು, ತನಗಾಗ ಮೂರು ವರ್ಷ, ಸತ್ತವರ ಬಟ್ಟೆ ಮನೆಯಾಗ ಇರಬಾರದು, ಸುಟ್ಟುಬಿಡವಾ ಅಂದನಂತೆ ಅಜ್ಜ, ಒಂದು ಗುಂಡಿಯನ್ನಾದರೂ ತೆಗೆದಿಡಬಾರದಿತ್ತೇ ಎಂದು ಇಪ್ಪತ್ತನೆಯ ವಯಸ್ಸಿನಲ್ಲಿ ಕೇಳಿದಾಗ ಅವ್ವ ರೊಟ್ಟಿ ಬಡಿಯುತ್ತ ಪಡಸಾಲೆಯಲ್ಲಿ ಕೂತಿದ್ದ ಅಜ್ಜನ ಕಡೆ ಒಮ್ಮೆ ನೋಡಿದಳು, ಸುಟ್ಟೆ ಅಂದಳು, ಅಷ್ಟೇ, ಅಂದಿನಿಂದ ಅವಳ ಜೊತೆ ಉಂಡೆಯಾ, ಉಂಡೆ, ಅದಕ್ಕಿಂತ ಹೆಚ್ಚು ಮಾತಿಲ್ಲ, ಚಳಿಗಾಲದಲ್ಲಿ ಮಾತ್ರ ಬಿಡುತ್ತಿರಲಿಲ್ಲ, ಹಾಲೇಶಾ, ಕೌದಿ ಹೊಚ್ಕೋ, ಬ್ಯಾಡಬೇ, ರಗ್ಗು ಐತಿ — ತಾನು ಚಿಕ್ಕಂದಿನಲ್ಲಿ ಹೊದ್ದದ್ದೇ ಆ ಕೌದಿ, ಹಳೆ ಸೀರೆ ಧೋತರ ಪದರ ಹಾಕಿ ಹೊಲಿದದ್ದು, ತಲೆಯ ಕಡೆಯ ಮೂಲೆಯಲ್ಲಿ ಒಂದು ದಪ್ಪನೆಯ ಬಿಳಿ ತುಂಡು, ಮಗ್ಗುಲಾದರೆ ಕೆನ್ನೆಗೆ ಒರಟಾಗಿ ತಾಗುತ್ತಿತ್ತು, ಬೆಳಿಗ್ಗೆ ಕೆನ್ನೆಯ ಮೇಲೆ ಗೆರೆ ಮೂಡಿರುತ್ತಿತ್ತು, ಮೂರು ವರ್ಷದ ಹಿಂದೆ ಅವ್ವ ಅದನ್ನೇ ಹೊದ್ದು ಮಲಗಿದವಳು ಏಳಲಿಲ್ಲ, ಅದರ ಹಿಂದಿನ ವಾರವೆಲ್ಲ ಒಂದೇ ಗೊಣಗು, ಇದನ್ನ ಹೊಳಿಗೆ ಬಿಡಬ್ಯಾಡೋ, ನೀ ಇಟ್ಕೋ, ಗಂಡನ ಅಂಗಿ ಸುಟ್ಟಾಕಿಗೆ ಕೌದಿ ಮ್ಯಾಲೆ ಏನ್ ಆಸೆ ಬೇ — ಅಂದೇಬಿಟ್ಟಿದ್ದ, ಅವಳು ಗೋಡೆಯ ಕಡೆ ತಿರುಗಿಕೊಂಡಳು, ಮಣ್ಣು ಮಾಡಿದ ಮೂರನೆಯ ದಿನ ಸತ್ತವರ ಹಾಸಿಗೆ ಹೊಳೆಗೆ ಬಿಡುವ ಪದ್ಧತಿಯಂತೆ ತಾನೇ ಹೊತ್ತುಕೊಂಡು ಹೋಗಿ ಬಿಟ್ಟುಬಂದ, ಮನಸ್ಸು ಹಗುರಾಗಿತ್ತು ಆವತ್ತು, ಸುಳ್ಳೇಕೆ.

ಬಾಗಿಲಲ್ಲಿ ಎಲೆ ಅಡಿಕೆಯ ವಾಸನೆ, ಕೌದಿ ಹೊಲಿಯುವ ಮುದುಕಿ ಚೆನ್ನಬಸಮ್ಮ, ಹುಟ್ಟಲಿರುವ ಮೊಮ್ಮಗುವಿಗೆ ಕೌದಿ ಹೊಲಿಸಬೇಕೆಂದು ಗಂಗಾಂಬಿಕಾ ಕರೆಸಿದ್ದಾಳೆ, ಹಳೆ ಬಟ್ಟಿ ಕೊಡ್ರಿ ಸಾವ್ಕಾರ್ರ ಅನ್ನುತ್ತ ಮೆಟ್ಟಿಲು ಹತ್ತಿದ ದಮ್ಮಿಗೆ ಅಲ್ಲೇ ಕುಂತಳು, ಮೇಜಿನ ಮೇಲಿನ ಅಂಗಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿದಳು, ಇಂಥದ್ದನ್ನ ನಾ ಒಮ್ಮಿ ಕತ್ತರಿಸೀನ್ರಿ, ಭಾಳ ಗಟ್ಟಿ ಅರಿವಿ, ಸೂಜಿ ಮುರಿದಿತ್ತು, ಎಲ್ಲಿ ಅಂದ, ನಿಮ್ಮ ಮನ್ಯಾಗ, ನಿಮ್ಮವ್ವ ಸುವರ್ಣಮ್ಮಾರು ಕೊಟ್ಟಿದ್ರು — ಮಾವಾರು ಸುಡು ಅಂದಾರ, ಹಿತ್ತಲದಾಗ ನನ್ನ ಹಳೆ ಸೀರಿ ಸುಟ್ಟು ಹೊಗಿ ತೋರ್ಸೀನಿ, ನೀ ಇದನ್ನ ಕೌದ್ಯಾಗ ಮುಚ್ಚಿಬಿಡು ಚೆನ್ನಬಸೂ, ಹಾಲೇಶನ ಮೈಮ್ಯಾಲೆ ಅವರಪ್ಪ ಇರ್ಲಿ ಅಂದಿದ್ರು, ಎಲ್ಲಾ ಒಳಪದರಕ್ಕ ಹಾಕ್ದೆ, ಕಾಲರ್ ತುಂಡು ಒಂದನ್ನ ಮ್ಯಾಲೆ ಹೊಲಿ, ಕೂಸಿನ ಮಾರಿ ಕಡೆ ಬರ್ಲಿ ಅಂದ್ರು, ಹಂಗ ಹೊಲಿದೆ.

ಕಾಲರು, ಹೌದು, ಅದರ ಮೇಲೆ ಕಪ್ಪಗೆ ಏನೋ ಇತ್ತು, ಏನಬೇ ಇದು ಅಂತ ಚಿಕ್ಕಂದಿನಲ್ಲಿ ಕೇಳಿದ್ದ, ಅಗಸರ ಗುರುತು, ಮಲಕ್ಕೋ ಅಂದಿದ್ದಳು ಅವ್ವ — ಅವಳು ಸುಳ್ಳು ಹೇಳಿರಲಿಲ್ಲ, ಶಾಲೆಗೆ ಹೋಗುವ ಮುಂಚೆಯೇ ಬೆರಳಿಂದ ತಿದ್ದಿದ ಅಕ್ಷರ, ಒಂದು ಡಿ, ಒಂದು ಬಿ, ದೊಡ್ಡಬಸಪ್ಪ, ಹನ್ನೊಂದು ಮಂದಿ ಪರರ ಗುರುತು ಓದಿದ ಮಹಾ ಜಾಣ, ಅಜ್ಜ ಸತ್ತ ಮೇಲಾದರೂ ಅವ್ವ ಹೇಳಬಹುದಿತ್ತು, ಹೇಳಲಿಕ್ಕೆ ತಾನೆಲ್ಲಿ ಅವಳ ಹತ್ತಿರ ಕೂತ, ಚೆನ್ನಬಸಮ್ಮ ಏನೋ ಕೇಳುತ್ತಿದ್ದಾಳೆ, ಆ ಕೌದಿ ಐತೇನ್ರಿ, ದಾರ ಬಿಟ್ಟಿದ್ರ ಕೊಡ್ರಿ, ಮತ್ತ ಹಾಕಿಕೊಡ್ತೀನಿ — ಐತಿ, ಇಲ್ಲ, ಹೊಳೆಯಲ್ಲಿ ಅದು ತಟ್ಟನೆ ಮುಳುಗಲಿಲ್ಲ, ನೀರು ಕುಡಿದು ಭಾರವಾಗಿ ತಿರುಗುತ್ತ ಹೋಯಿತು, ತಾನು ಕಾಲು ತೊಳೆದುಕೊಳ್ಳುತ್ತ ನೋಡುತ್ತಿದ್ದ, ಎಲ್ಲ ಮುಳುಗಿದ ಮೇಲೂ ಒಂದು ಮೂಲೆ ಮೇಲೆ ಇತ್ತು, ಕೈ ಕೆನ್ನೆಗೆ ಹೋಗುತ್ತದೆ, ಬಿಳಿ ಮೂಲೆ, ತನ್ನ ಕಡೆಗೇ ತಿರುಗಿತ್ತು, ಬಿಳಿ ಮೂಲೆ