ಮೊದ್ಲ ಮುಗಿಯೂದು ಯಾವುದು?

ರಾಜಾರಾಮ ಸರ್ ಯಾರ ಮನೆಗೆ ಊಟಕ್ಕೆ ಹೋದರೂ ಮೊದಲು ಪಾತ್ರೆಗಳೊಳಗೆ ಇಣುಕುತ್ತಿದ್ದರು. ಬುಟ್ಟಿಯಲ್ಲಿ ರೊಟ್ಟಿ ಎಷ್ಟು, ಬೋಗುಣಿಯಲ್ಲಿ ಕಡಲೆಹಿಟ್ಟಿನ ಝುಣಕ ಎಷ್ಟು ಎಂದು ಕಣ್ಣಲ್ಲೇ ಅಳೆದು, "ಮೊದ್ಲ ಮುಗಿಯೂದು ಝುಣಕರೀ" ಎಂದು ತೀರ್ಪು ಕೊಟ್ಟ ಮೇಲೆಯೇ ಕೈತೊಳೆಯಲು ಏಳುವರು. ಮನೆಯಾಕೆ ನಾಚಿ ಮತ್ತೆ ಒಲೆ ಹೊತ್ತಿಸುವಳು. ಬರಬರುತ್ತ ಅವರನ್ನು ಊಟಕ್ಕೆ ಕರೆಯುವವರು ಕಡಿಮೆಯಾದರು. ಕಾರಣ ಮಾತ್ರ ಅವರಿಗೆ ಹೊಳೆಯಲೇ ಇಲ್ಲ.

ಚಿಕ್ಕೋಡಿಯ ಸಣ್ಣದೊಂದು ಪಿಯು ಕಾಲೇಜಿನಲ್ಲಿ ಅವರು ರಸಾಯನಶಾಸ್ತ್ರ ಕಲಿಸುತ್ತಿದ್ದರು, ನಾನು ಕನ್ನಡ. ಆಮ್ಲ ಸುಟ್ಟ ತೂತುಗಳನ್ನು ತಾವೇ ಹೊಲಿದುಕೊಂಡ ಬಿಳಿ ಕೋಟು. ರಸ್ತೆ ಖಾಲಿಯಿದ್ದರೂ ಜೊತೆಯಲ್ಲಿ ಬರುವ ಯಾರಿಗೋ ಜಾಗ ಬಿಟ್ಟಂತೆ ಅಂಚಿಗೆ ಸರಿದ ನಡಿಗೆ. ಜೊತೆಗೆ ಬರುವವರು ಯಾರೂ ಇರಲಿಲ್ಲ. ಮದುವೆಯಾಗಿರಲಿಲ್ಲ.

ನಮ್ಮ ಗಡಿಯ ಮಕ್ಕಳಿಗೆ ರಸಾಯನಶಾಸ್ತ್ರದ 'ಮೋಲ್' ಎಂಬುದು ಮರಾಠಿಯ 'ಮೋಲ' ಎಂದು, ಅಂದರೆ ಬೆಲೆ ಎಂದು ಕೇಳಿಸುತ್ತಿತ್ತು. ಒಮ್ಮೆ ಸುರಜನೆಂಬ ಹುಡುಗ ಎದ್ದು, "ಸರ್, ಉಪ್ಪಿನ ಮೋಲ ಕಿರಾಣಿ ಅಂಗಡ್ಯಾಗ ಕೇಳ್ಕೊಂಡ ಬರ್ಲೇನ್ರಿ?" ಎಂದ. ಎಲ್ಲರಿಗಿಂತ ಹೆಚ್ಚು ನಕ್ಕವರು ಸರ್.

"ಲೇ ಶಾಣ್ಯಾ, ಇದು ಬೆಲಿ ಅಲ್ಲ, ಎಣಿಕಿ. ಬಾಳಿಹಣ್ಣಿಗೆ ಡಜನ್ ಇದ್ದಂಗ ಕಣ್ಣಿಗೆ ಕಾಣದ ಕಣಕ್ಕ ಮೋಲ್."

ನಾಲ್ಕು ಗ್ರಾಂ ಜಲಜನಕ, ಹದಿನಾರು ಗ್ರಾಂ ಆಮ್ಲಜನಕ ಕೂಡಿ ನೀರಾದರೆ ಯಾವುದು ಮೊದಲು ಮುಗಿಯುತ್ತದೆ? ತೂಕ ನೋಡಿದವರೆಲ್ಲ ಜಲಜನಕ ಎನ್ನುವರು. ಮೋಲ್‌ನಲ್ಲಿ ಎಣಿಸಿದರೆ ಜಲಜನಕ ಎರಡು, ಅದಕ್ಕೆ ಆಮ್ಲಜನಕ ಒಂದು ಬೇಕು, ಇರುವುದು ಬರೀ ಅರ್ಧ. ಮೊದಲು ತೀರುವುದು ಹೆಚ್ಚು ತೂಕದ ಆಮ್ಲಜನಕವೇ. ಅದು ತೀರಿದ ಕ್ಷಣಕ್ಕೆ ಎಲ್ಲವೂ ನಿಲ್ಲುತ್ತದೆ. ಇದನ್ನು ಹೇಳುವಾಗ ಸರ್ ದನಿ ತಗ್ಗಿಸುತ್ತಿದ್ದರು.

ಮಕ್ಕಳು ಒಬ್ಬೊಬ್ಬರಾಗಿ ನಿಪ್ಪಾಣಿಯ ದೊಡ್ಡ ಕಾಲೇಜಿನ ಕಡೆಗೆ ಹೊರಳಿದರು. ಈ ವರ್ಷ ವಿಜ್ಞಾನಕ್ಕೆ ಉಳಿದವಳು ಕರೋಶಿಯ ಸಾರಿಕಾ ಒಬ್ಬಳೇ. ಅವಳೂ ಹೋದರೆ ವಿಭಾಗವೇ ಮುಚ್ಚುತ್ತದೆಂದು ಆಡಳಿತದವರು ಹೇಳಿದ್ದರು. ಒಂದು ದಿನ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು.

"ಸರ್, ಮಾವ ನಿಪ್ಪಾಣಿಗೆ ಹಚ್ಚತೀನಿ ಅಂದಾನ್ರಿ. ನಾ ಹೋದ್ರ ನಿಮ್ಮ ಕ್ಲಾಸ್ ಬಂದ್ ಆಗ್ತೈತಂತಲ್ರಿ. ಇರ್ಲೇನ್ರಿ?"

ಸರ್ ಕನ್ನಡಕ ಒರೆಸಿಕೊಂಡರು.

"ಅಲ್ಲಿ ಲ್ಯಾಬ್ ಐತೇನವಾ?"

"ಐತ್ರಿ. ದೊಡ್ಡದೈತಂತ."

"ಇಲ್ಲಿ ಇರೂದು ನಾ ಒಬ್ಬಾಂವ. ಲ್ಯಾಬ್ ಇಲ್ದ ನನ್ನ ಒಬ್ಬನ್ನ ಎಷ್ಟ ಸುರುವಿದ್ರೂ ನಿನ್ನ ಲೆಕ್ಕ ಮುಂದ ಹೋಗಾಂಗಿಲ್ಲ. ಹೋಗವಾ, ಚೊಲೋ ಕಲಿ."

ಅವಳು ಹೋದಳು. ಮರುದಿನ ಅವರ ಪಾಠದ ಗಂಟೆ ಹೊಡೆಯಿತು. ಸರ್ ಎದ್ದು ಬಾಗಿಲವರೆಗೆ ನಡೆದು, ತಿರುಗಿ ಬಂದು ಕುಳಿತರು. ನನಗೆ ತಡೆಯಲಾಗಲಿಲ್ಲ. "ಒಂದು ಮಾತು 'ಇರು' ಅನ್ನಬಹುದಿತ್ತಲ್ಲರಿ ಸರ್?"

"ಪ್ರಯೋಗದಾಗ ಅಪರೂಪದ ಪದಾರ್ಥ ಒಂದ ಕಣಾನೂ ದಂಡ ಆಗಬಾರ್ದಂತ, ಅದರ ಜೋಡಿ ಇನ್ನೊಂದನ್ನ ಬೇಕಂತ ಹೆಚ್ಚಿಗಿ ಹಾಕ್ತಾರ್ರಿ," ಎಂದರು. "ಅದು ಉಳೀತೈತಿ. ಉಳೀಬೇಕ."

ಇಂಥವರು ಊರೂರಿನಲ್ಲೂ ಇದ್ದಾರೆ. ಹೊಸದಾಗಿ ಹುಟ್ಟಿದ್ದನ್ನು ಜಗತ್ತು ಸೋಸಿ ಎತ್ತಿಕೊಂಡು ಹೋಗುತ್ತದೆ. ಅದು ಹುಟ್ಟಲೆಂದು ತಮ್ಮನ್ನು ಬೇಕೆಂದೇ ಹೆಚ್ಚಾಗಿ ಸುರಿದುಕೊಂಡವರು ಪಾತ್ರೆಯ ತಳದಲ್ಲಿ, ತಿಳಿಯಾಗಿ, ಒಬ್ಬರೇ ನಿಂತಿರುತ್ತಾರೆ.